ದೀಪ ಆರಿಸಿ ಹೇಳಿದ ಸಾಕ್ಷಿ

ಮನುಷ್ಯನ ಆತ್ಮವು ತನ್ನ ಸೃಷ್ಟಿಕರ್ತನಿಗಾಗಿ ಅತ್ಯಂತ ಹಂಬಲಿಸುವುದು ಬೆಂಕಿಯಂಥ ಪರೀಕ್ಷೆಯ ಕಾಲದಲ್ಲಿ ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ಮೇ ತಿಂಗಳಲ್ಲಿ ರಾಯಚೂರಿಗೆ ಬಂದಂತಿಲ್ಲ. ಆ ಕಾಲದಲ್ಲಿ ಇಲ್ಲಿಯ ಆತ್ಮವು ಹಂಬಲಿಸುವುದು ಕೂಲರಿನ ಎದುರಿನ ಜಾಗಕ್ಕಾಗಿ. ಸೃಷ್ಟಿಕರ್ತನ ಸರದಿ ಹೊತ್ತು ಮುಳುಗಿದ ಮೇಲೆ.

ನಮ್ಮ ಚರ್ಚಿನ ಸಭೆಯ ಹಿರಿಯರು ಇದನ್ನು ಬಲ್ಲವರು. ಅದಕ್ಕೇ ಬೇಸಿಗೆಯ ಮನೆಕೂಟಗಳನ್ನು ಸಂಜೆಯ ಹೊತ್ತು, ಮಾಳಿಗೆಯ ಮೇಲೆ ಇಟ್ಟರು. ಈಸ್ಟರ್ ಹಬ್ಬ ಮುಗಿದು ಶುರುವಾದರೆ ಮಳೆ ಹಿಡಿಯುವ ತನಕ ವಾರಕ್ಕೊಂದು ಮನೆ. ಕೂಟ ಯಾರ ಮನೆಯಲ್ಲಿದೆಯೋ ಅವರು ಬಿಸಿಲು ಇಳಿಯುತ್ತಲೇ ಮಾಳಿಗೆಗೆ ನೀರು ಹೊಡೆಯಬೇಕು. ಮೊದಮೊದಲ ಕೊಡಗಳು ಬಿದ್ದದ್ದೇ ತಡ ಆವಿಯಾಗಿ ನೇರ ಪರಲೋಕಕ್ಕೆ ಹೋಗುತ್ತವೆ. ಅವನ್ನು ಕಾಣಿಕೆ ಎಂದು ತಿಳಿಯಬೇಕು. ಆಮೇಲಿನವು ನಿಲ್ಲುತ್ತವೆ. ಆಗ ಸಿಮೆಂಟಿನಿಂದ ಒಂದು ವಾಸನೆ ಏಳುತ್ತದೆ. ಅದನ್ನು ವರ್ಣಿಸುವುದು ನನ್ನಂಥವನಿಗೆ ತಕ್ಕದ್ದಲ್ಲ ಎಂದು ಬಹಳ ವರ್ಷ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದೇ ಈ ಬರಹದ ವಿಷಯ.

ಜಮಖಾನ ಹಾಸಬೇಕು. ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಗಾಳಿಗೆ ಹಾರಿ ಬಂದು ಅದರ ಮೇಲೆ ಕೂತರೆ ಇನ್ನೊಮ್ಮೆ ಝಾಡಿಸಬೇಕು. ಆಮೇಲೆ ಗೀತೆ, ಪ್ರಾರ್ಥನೆ, ಸಾಕ್ಷಿ, ವಾಕ್ಯ, ಪ್ರಕಟಣೆ, ಮತ್ತೆ ಪ್ರಾರ್ಥನೆ, ಕೊನೆಗೆ ಶರಬತ್ತು. ಇವುಗಳಲ್ಲಿ ಜನ ಕಾಯುವುದು ಸಾಕ್ಷಿಗೂ ಶರಬತ್ತಿಗೂ. ಸಾಕ್ಷಿ ಎಂದರೆ ದೇವರು ತನ್ನ ಬದುಕಿನಲ್ಲಿ ಮಾಡಿದ ಉಪಕಾರವನ್ನು ಎದ್ದು ನಿಂತು ನಾಲ್ಕು ಮಂದಿಯ ಮುಂದೆ ಬಾಯಿಬಿಟ್ಟು ಹೇಳುವುದು. ಅದಕ್ಕೆ ಕೆಲವು ಕಟ್ಟಳೆಗಳಿವೆ. ಮನೆಯ ಯಜಮಾನ ಮೊದಲು ಹೇಳಬೇಕು. ಕಾಗದ ನೋಡಿ ಹೇಳಬಾರದು. ಕಾಗದದಿಂದ ಓದಿದ್ದು ಪ್ರಕಟಣೆ, ಸಾಕ್ಷಿಯಲ್ಲ. ಮತ್ತು ಸಾಕ್ಷಿಯ ಹೊತ್ತಿಗೆ ಮಾಳಿಗೆಯ ಟ್ಯೂಬ್‌ಲೈಟ್ ಆರಿಸಬೇಕು.

ದೀಪ ಆರಿಸುವುದಕ್ಕೆ ಎಲ್ಲರೂ ಕೊಡುವ ಕಾರಣ ಹುಳ. ಒಂದು ಅಡ್ಡಮಳೆ ಬಿದ್ದರೆ ಸಾಕು, ರೆಕ್ಕೆ ಬಂದ ಹುಳಗಳು ಜಿಲ್ಲೆಯ ನಾಲ್ಕೂ ಮೂಲೆಗಳಿಂದ ನಮ್ಮ ಟ್ಯೂಬ್‌ಲೈಟಿಗೆ ಯಾತ್ರೆ ಬರುತ್ತವೆ. ಸಾಕ್ಷಿ ಹೇಳುವವನ ಬಾಯಿ ತೆರೆದಿರುತ್ತದೆ. ನಿಜವಾದ ಕಾರಣ ಬೇರೆ. ರಾಯಚೂರಿನ ಗಂಡಸು ಬೆಳಕಿನಲ್ಲಿ ಅಳುವುದಿಲ್ಲ. ಕತ್ತಲಾದರೆ ಗಿರಣಿ ನಡೆಸುವವರೂ, ಪೊಲೀಸ್ ಇಲಾಖೆಯಲ್ಲಿದ್ದವರೂ ಗಂಟಲು ಕಟ್ಟಿಸಿಕೊಂಡು ಮಾತಾಡಿದ್ದನ್ನು ಕೇಳಿದ್ದೇನೆ. ದೀಪ ಹತ್ತಿದ ಮೇಲೆ ಎಲ್ಲರೂ ಹುಳಗಳನ್ನು ಬಯ್ಯುತ್ತ ಕಣ್ಣೊರೆಸಿಕೊಳ್ಳುತ್ತಾರೆ.

ಸಾಕ್ಷಿಗಳಿಗೆ ದರ್ಜೆಗಳೂ ಇವೆ. ತಳದಲ್ಲಿ ಜ್ವರ. ಅದರ ಮೇಲೆ ಚೇಳು. ಅದರ ಮೇಲೆ ಆದೇಶ ಬಂದೂ ತಪ್ಪಿದ ವರ್ಗಾವಣೆ. ಅದರ ಮೇಲೆ ಹಾವು, ಬಿಟ್ಟ ಕುಡಿತ. ಎಲ್ಲಕ್ಕೂ ಮೇಲೆ ನಮ್ಮ ಸಭೆಯ ಹಿರಿಯರೊಬ್ಬರು ಎಳವೆಯಲ್ಲಿ ಬಿದ್ದು ಬದುಕಿದ ಬಾವಿ. ಜಿಲ್ಲೆಯ ಬಾವಿಗಳೆಲ್ಲ ಬೇಸಿಗೆಗೆ ಬತ್ತುವಾಗ ಆ ಬಾವಿಯೊಂದರಲ್ಲಿ ಮಾತ್ರ ವರ್ಷ ವರ್ಷವೂ ನೀರು ಏರುತ್ತಿತ್ತು. ನಾನು ಮೊದಲು ಕೇಳಿದಾಗ ಅವರಿಗೆ ಸೊಂಟಮಟ ಇತ್ತು. ಆಮೇಲೆ ಕುತ್ತಿಗೆಮಟ. ಈಚೆಗೆ ಅವರು ಪೂರ್ತಿ ಮುಳುಗಿಬಿಡುತ್ತಿದ್ದರು. ದೀಪ ಹತ್ತಿದ ಮೇಲೆ ಎದುರಿಗೇ ಕೂತು ಟೋಪಿ ಸರಿಮಾಡಿಕೊಳ್ಳುವುದನ್ನು ಕಂಡು ನಮಗೆ ಸಮಾಧಾನವಾಗುತ್ತಿತ್ತು.

ನನಗೆ ಏನೂ ಆಗಿರಲಿಲ್ಲ.

ದೇವದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ನಮ್ಮಜ್ಜ ಕ್ರಿಸ್ತನನ್ನು ನಂಬಿದವನು. ಅವನಿಗೆ ಊರು ನೀರು ಬಿಡಲಿಲ್ಲ, ಕಲ್ಲು ಬಿದ್ದವು. ಅವನಿಗೆ ಕಥೆ ಇತ್ತು. ಅಪ್ಪನಿಗೆ ಅಜ್ಜನ ಕಥೆ ಇತ್ತು. ನನಗೆ ಪಿಂಚಣಿ ಇದೆ. ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದೆ, ರಾಯಚೂರಿನಿಂದ ದಿನಾ ಬಸ್ಸಿಗೆ ಹೋಗಿ ಬಂದೆ, ಬಸ್ಸು ಒಂದು ಸಲವೂ ಉರುಳಲಿಲ್ಲ. ಚೇಳು ನನ್ನ ಬೂಟಿನೊಳಗೆ ಬಂದದ್ದುಂಟು. ನಾನು ಕಾಲಿಡುವ ಮೊದಲೇ ಹೊರಟುಹೋಯಿತು. ಒಂದು ಬೇಸಿಗೆ ಕಿಡ್ನಿಯಲ್ಲಿ ಕಲ್ಲಾಗಿ ನೆಲಕ್ಕೆ ಬಿದ್ದು ಹೊರಳಾಡಿದೆ. ಇದು ನಡೆಯಬಹುದು ಎಂದು ಆಸೆಯಾಯಿತು. ಆದರೆ ನಮ್ಮೂರಿನ ನೀರು ಕುಡಿದವರಲ್ಲಿ ಕಲ್ಲಿಲ್ಲದವರು ಯಾರು? ಆ ಮಾಳಿಗೆಯ ಮೇಲೆ ಕೂತವರ ಹೊಟ್ಟೆಯೊಳಗಿನ ಕಲ್ಲುಗಳನ್ನೆಲ್ಲ ಕೂಡಿಸಿದರೆ ಕಂಪೌಂಡ್ ಕಟ್ಟಬಹುದಿತ್ತು. ಅದು ಸಾಕ್ಷಿಯ ದರ್ಜೆಗೆ ಏರಲಿಲ್ಲ.

ಹೀಗಾಗಿ ಕೂಟ ನಮ್ಮ ಮನೆಗೆ ಬಂದಾಗಲೆಲ್ಲ ನಾನು ಒಂದು ಉಪಾಯ ಮಾಡುತ್ತಿದ್ದೆ. ಸಭೆಯ ಕಾರ್ಯದರ್ಶಿಯೂ ನಾನೇ ಆದ್ದರಿಂದ ಯಜಮಾನನ ಸರದಿ ಬಂದಾಗ ಎದ್ದು, ಮಾಳಿಗೆಯ ಮೆಟ್ಟಿಲ ಬಳಿ ನಿಂತು, ಜೇಬಿನಿಂದ ಕಾಗದ ತೆಗೆದು, ಬ್ಯಾಟರಿಯ ಬೆಳಕಿನಲ್ಲಿ ಪ್ರಕಟಣೆ ಓದಿಬಿಡುತ್ತಿದ್ದೆ. ಮುಂದಿನ ವಾರ ಕೂಟ ಯಾರ ಮನೆಯಲ್ಲಿ, ಗೀತೆಯ ಅಭ್ಯಾಸ ಯಾವಾಗ, ಎಲ್ಲರೂ ತಮ್ಮ ತಮ್ಮ ಲೋಟ ತರತಕ್ಕದ್ದು. ಓದಿ ಮುಗಿಸಿ, ಸಮಯದ ಅಭಾವದಿಂದ ಸಾಕ್ಷಿಯನ್ನು ಇತರರಿಗೆ ಬಿಟ್ಟುಕೊಡುತ್ತೇನೆ ಎಂದು ತ್ಯಾಗ ಮಾಡುತ್ತಿದ್ದೆ.

ಸಭೆಯಲ್ಲಿ ಒಬ್ಬ ದೊಡ್ಡವ್ವ ಇದ್ದಾಳೆ. ಅವಳ ನಾಲಗೆಗೆ ಪಾಸ್ಟರೂ ಅಂಜುತ್ತಾರೆ. ಒಂದು ವರ್ಷ ಶರಬತ್ತಿನ ಹೊತ್ತಿಗೆ ನನ್ನನ್ನು ಹಿಡಿದಳು.

"ಮಾಸ್ತರ್ರೇ, ನಿಮಗೊಂದು ಚೇಳರ ಕಡೀಲಿ ಅಂತ ಪ್ರಾರ್ಥನಿ ಮಾಡ್ಲೇನ್ರಿ?"

"ಸಣ್ಣದು ಇರಲಿ, ದೊಡ್ಡವ್ವ."

"ಸಣ್ಣದು ಸಾಲಂಗಿಲ್ಲ. ನೀವು ಅದಕ್ಕೂ ಪ್ರಕಟಣಿನೇ ಓದ್ತೀರಿ."

ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು, ಆದರೆ ಸ್ವಲ್ಪ ತಡವಾಗಿ.

ನನ್ನ ಹೆಂಡತಿ ದೇವದುರ್ಗದವಳು. ಅವರ ಮನೆಯವರು ದೇವರಿಗೆ ಕೃತಜ್ಞತೆ ಹೇಳುವ ಸ್ತೋತ್ರ ಎಂಬ ಮಾತನ್ನು ಉಪ್ಪಿನ ಹಾಗೆ ಬಳಸುತ್ತಾರೆ. ನಮ್ಮ ಮನೆಯಲ್ಲಿ ಅದು ಐತವಾರದ ಮಾತು. ಇಸ್ತ್ರಿ ಮಾಡಿದ ಬಟ್ಟೆಯಂತೆ, ಚರ್ಚಿಗೆ ಹೋಗುವಾಗ ತೊಟ್ಟು ಬಂದ ಮೇಲೆ ಮಡಿಸಿಡುವುದು. ಅವಳು ಮದುವೆಯಾಗಿ ಬಂದ ಬೇಸಿಗೆಯಲ್ಲೇ ಮನೆತುಂಬ ಚೆಲ್ಲಿದಳು. ಹೋದ ಕರೆಂಟ್ ಬಂದರೆ ಸ್ತೋತ್ರ. ಮಣ್ಣಿನ ಗಡಿಗೆಯ ನೀರು ಹಲ್ಲು ಜುಮ್ಮೆನಿಸಿದರೆ ಸ್ತೋತ್ರ. ಕೊಯ್ದ ಮಾವು ನಾರಿಲ್ಲದ್ದಾದರೆ, ಸಂಡಿಗೆ ಒಣಗುವ ತನಕ ಗಿರಣಿಯ ಬೂದಿ ಬೇರೆ ದಿಕ್ಕಿಗೆ ಹೋದರೆ, ಓಣಿಯ ತಿರುವಿನಲ್ಲಿ ಕಲ್ಲಂಗಡಿ ಮಾರುವವನ ಕೂಗು ಕೇಳಿದರೆ, ಎಲ್ಲಕ್ಕೂ ಅದೇ. ಜೋರಾಗಿ ಅಲ್ಲ. ಉಸಿರು ಬಿಟ್ಟ ಹಾಗೆ. ಎದುರಿಗೆ ದೇವರು ಪಡಸಾಲೆಯಲ್ಲಿ ಕೂತಿದ್ದಾನೆ, ಅವನಿಗೆ ಕೇಳಿದರಾಯಿತು ಎಂಬಂತೆ.

ಒಮ್ಮೆ ಅವಳು ಟೊಮೆಟೊ ಹೆಚ್ಚುತ್ತಿದ್ದಾಗ ಕೇಳಿಯೇ ಬಿಟ್ಟೆ. "ಟೊಮೆಟೊಕ್ಕೇ ಸ್ತೋತ್ರ ಹೇಳಿಬಿಟ್ರ ಪುನರುತ್ಥಾನಕ್ಕ ಏನು ಉಳೀತದ?"

"ಅದಕ್ಕೂ ಅದನ್ನೇ ಹೇಳ್ತೀನಿ. ಸ್ತೋತ್ರ ತೀರತದೇನ್ರಿ?"

ಅವಳ ತಂದೆ ಮದುವೆಗೆ ಮೊದಲು ನನ್ನನ್ನು ನೋಡಿಕೊಂಡು ಹೋಗಿ ಮನೆಯಲ್ಲಿ ಹೇಳಿದ್ದರಂತೆ: "ಹುಡುಗ ಚಲೋ ಅದಾನ. ನಗು ಯಾವ ಪೀರಿಯಡ್ಡಿನಾಗ ಬರ್ತದ ಅಂತ ಟೈಮ್ ಟೇಬಲ್ ನೋಡಬೇಕಷ್ಟ." ಇದನ್ನು ಅವಳು ನನಗೆ ಮದುವೆಯ ವಾರವೇ ಹೇಳಿದಳು. ನಾನು ನಗಲಿಲ್ಲ.

ಹಾಗೆಂದು ನನಗೆ ಏನೂ ತಾಗುತ್ತಿರಲಿಲ್ಲ ಎಂದಲ್ಲ. ಬೇಸಿಗೆಯಲ್ಲಿ ಶಾಲೆ ಬೆಳಗಿನದಾಗುತ್ತಿತ್ತು. ಕತ್ತಲಿರುವಾಗಲೇ ಮಾನ್ವಿ ಬಸ್ಸು ಹಿಡಿಯಬೇಕು. ಅವಳು ಮಜ್ಜಿಗೆಯ ಬಾಟಲಿಗೆ ಹಳೆಯ ಧೋತರದ ತುಂಡು ಸುತ್ತಿ, ಅದನ್ನು ನೀರಲ್ಲಿ ಅದ್ದಿ ಕೊಡುತ್ತಿದ್ದಳು. ಶಾಲೆಯಲ್ಲಿ ಬಟ್ಟೆ ಒಣಗಿದಂತೆ ಮತ್ತೆ ನೆನೆಸಿ ಕಿಟಕಿಯಲ್ಲಿಡಬೇಕೆಂದು ಅಪ್ಪಣೆ. ಶಾಲೆ ಬಿಟ್ಟು ಮಾನ್ವಿ ಬಸ್‌ಸ್ಟ್ಯಾಂಡಿನ ನೆರಳಿಗೆ ಬರುವ ಹೊತ್ತಿಗೆ ಝಳ ಮುಖಕ್ಕೆ ಹೊಡೆಯುತ್ತಿರುತ್ತದೆ. ಆಗ ಆ ಒದ್ದೆ ಬಟ್ಟೆ ಬಿಚ್ಚಿ ಒಂದು ಗುಟುಕು ಕುಡಿದರೆ ಮಜ್ಜಿಗೆ ತಣ್ಣಗಿರುತ್ತಿತ್ತು. ಜೀರಿಗೆ, ಶುಂಠಿ, ಬೇಕಾದಷ್ಟೇ ಉಪ್ಪು. ನನ್ನ ಎದೆಯೊಳಗೆ ಏನೋ ಎದ್ದು ನಿಲ್ಲುತ್ತಿತ್ತು. ಯಾರಾದರೂ ನೋಡಿದರೇನೋ ಎಂದು ಆಚೀಚೆ ನೋಡಿ ಬಾಯೊರೆಸಿಕೊಳ್ಳುತ್ತಿದ್ದೆ.

ಮನೆಗೆ ಬಂದರೆ ಅವಳು ಕೇಳುವಳು: "ತಂಪಿತ್ತೇನ್ರಿ?"

"ಇತ್ತು" ಎನ್ನುತ್ತಿದ್ದೆ. ಅಷ್ಟೇ ಎನ್ನುತ್ತಿದ್ದೆ. ಮಾನ್ವಿಯಲ್ಲಿ ನೌಕರಿ ಮಾಡಿದಷ್ಟು ಬೇಸಿಗೆಯೂ ಅಷ್ಟೇ ಎಂದೆ.

ಇನ್ನೊಂದು ಬೇಸಿಗೆ, ಮಕ್ಕಳು ಸಣ್ಣವರಿದ್ದಾಗ, ಅವಳ ತವರಿನಿಂದ ಮರಳುತ್ತಿದ್ದೆವು. ದೇವದುರ್ಗದಿಂದ ಹೊರಟ ಬಸ್ಸು ಗಬ್ಬೂರು ದಾಟಿದ ಮೇಲೆ ನಡುಮಧ್ಯಾಹ್ನ ಕೆಟ್ಟು ನಿಂತಿತು. ರಸ್ತೆಯ ಬದಿಗೆ ಒಂದೇ ಒಂದು ಬೇವಿನ ಮರ. ಇಡೀ ಬಸ್ಸು ಅದರ ನೆರಳಿನಲ್ಲಿ ಒತ್ತಿಕೊಂಡು ನಿಂತಿತು. ಕೂಸುಗಳು ಅಳುತ್ತಿದ್ದವು, ಗಂಡಸರು ಸಾರಿಗೆ ಇಲಾಖೆಯ ಭವಿಷ್ಯವನ್ನು ಚರ್ಚಿಸುತ್ತಿದ್ದರು. ನಾನು ಛತ್ರಿ ಬಿಚ್ಚಿಕೊಂಡು ಸ್ವಲ್ಪ ದೂರ, ಶಿಕ್ಷಕ ವೃತ್ತಿಯ ಘನತೆ ಕಾಯ್ದುಕೊಂಡು ನಿಂತಿದ್ದೆ. ಅವಳ ತಂದೆ ಕಟ್ಟಿಕೊಟ್ಟ ದೊಡ್ಡ ಕಲ್ಲಂಗಡಿಯನ್ನು ಅವಳು ಬಸ್ಸಿನಿಂದ ಇಳಿಸಿ, ಮೈಲಿಗಲ್ಲಿಗೆ ಬಡಿದು ಒಡೆದಳು.

"ಮನಿತನಕ ಒಯ್ಯೋಣಂತ ಅಂದಿದ್ದೆ" ಎಂದೆ.

"ಇದು ಯಾರ ಮನಿಗಿ ಬಂದದ ಅಂತ ಇದಕ್ಕ ಗೊತ್ತದ. ನೀವು ಸುಮ್ನಿರ್ರಿ."

ಹಂಚುವ ಮೊದಲು ಅವಳಿಗೆ ಪ್ರಾರ್ಥನೆಯ ನೆನಪಾಯಿತು. ಎರಡೂ ಕೈಯಲ್ಲಿ ಕೆಂಪು ಹೋಳು ಹಿಡಿದೇ ಕಣ್ಣು ಮುಚ್ಚಿದಳು. ರಸ ಮೊಣಕೈಗುಂಟ ಇಳಿದು ಸೀರೆಗೆ ಬೀಳುತ್ತಿತ್ತು. ಜಾತ್ರೆಗೆ ಹೊರಟವರು, ಸಂತೆಯವರು, ಬೋನಿನಲ್ಲಿ ಕೋಳಿ ತಂದವರು ಎಲ್ಲರೂ ಚಾಚಿದ ಕೈ ಹಿಂದೆ ತೆಗೆದುಕೊಂಡು ನಿಂತರು. ಒಂದು ಬಸ್ಸಿನಷ್ಟು ಜನ ಒಂದು ಹಣ್ಣಿನ ಮುಂದೆ ಸುಮ್ಮನಾದದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅವಳು ಮುಗಿಸುತ್ತಲೇ ಡ್ರೈವರ್ ಸಾಹೇಬರು, ಬಾನೆಟ್ಟಿನಿಂದ ತಲೆ ಎತ್ತದೆ, "ಆಮೀನ್" ಎಂದರು. ಎಲ್ಲರೂ ನಕ್ಕರು, ತಿಂದರು. ಬಿಸಿಯಾಗಿದ್ದ ಹಣ್ಣು. ನನ್ನ ಪಾಲನ್ನು ಅವಳೇ ಛತ್ರಿಯ ಕೆಳಗೆ ತಂದು ಕೊಟ್ಟಳು. ತಿನ್ನುತ್ತಿದ್ದಾಗ, ಈ ಹೆಣ್ಣು ನನ್ನ ಪಾಲಿಗೆ ಬಂದದ್ದು ಯಾರ ಕೃಪೆ ಎಂದು ಒಂದು ಕ್ಷಣ ನನ್ನ ಕಾಲು ನೆಲ ಬಿಟ್ಟಂತಾಯಿತು.

"ಸಿಹಿ ಅದ ಏನ್ರಿ?" ಎಂದಳು.

"ಬೀಜ ಭಾಳ" ಎಂದೆ.

ಇಂಥವನ್ನು ನಾನು ಸಾಕ್ಷಿ ಎಂದು ಎಣಿಸಲಿಲ್ಲ. ಸತ್ತು ಬದುಕಿದವರು ಕೂತ ಮಾಳಿಗೆಯಲ್ಲಿ ಎದ್ದು, ಸಹೋದರರೇ, ನಾನೊಮ್ಮೆ ಕಲ್ಲಂಗಡಿ ತಿಂದೆ ಎನ್ನುವುದು ಹೇಗೆ? ತಕ್ಕ ಸಂಕಟವೊಂದು ಬರಲಿ, ಅದರಿಂದ ದೇವರು ಬಿಡಿಸಲಿ, ಆಗ ಒಟ್ಟಿಗೆ ಹೇಳಿದರಾಯಿತು ಎಂದು ಕಾದೆ. ಸಂಕಟಕ್ಕೆ ನನ್ನ ವಿಳಾಸ ಸಿಗಲಿಲ್ಲ.

ನಾನು ನಿವೃತ್ತನಾದ ಮೇಲಿನ ಒಂದು ಬೇಸಿಗೆ ಕೂಟ ನಮ್ಮಲ್ಲಿತ್ತು. ಎಂದಿನಂತೆ ಪ್ರಕಟಣೆ ಓದಿದೆ. ಜನ ಹೋದ ಮೇಲೆ ಇಬ್ಬರೂ ಜಮಖಾನ ಮಡಿಸುತ್ತಿದ್ದೆವು, ಅವಳೊಂದು ತುದಿ, ನಾನೊಂದು ತುದಿ.

"ಪ್ರಕಟಣಿ ಚಂದಿತ್ರಿ" ಎಂದಳು. ಪ್ರತಿ ವರ್ಷವೂ ಹಾಗೇ ಅನ್ನುತ್ತಿದ್ದಳು. ಆ ವರ್ಷ ಅಲ್ಲಿಗೆ ನಿಲ್ಲಿಸಲಿಲ್ಲ. "ಒಂದು ಮಾತು ಕೇಳ್ಲಾ? ಎಲ್ಲಾರ ಮನಿ ಗಂಡಸರು ಎದ್ದು ನಿಂತು ದೇವರು ನನಗ ಇದು ಕೊಟ್ಟ, ಅದು ಕೊಟ್ಟ ಅಂತಾರ. ನಿಮ್ಮ ಬಾಯಿಲೆ ಒಂದು ಸಲ ಕೇಳಬೇಕಂತ ಅದ ನನಗ."

"ಹೇಳುವಂಥದ್ದು ಏನರ ಆಗಬೇಕಲ್ಲ."

"ಆಗಾಕತ್ತದಲ್ರಿ, ದಿನಾ." ಅವಳು ತನ್ನ ತುದಿಯನ್ನು ನನ್ನ ಕೈಗೆ ತಂದು ಕೊಟ್ಟಳು. "ನನ್ನ ಕೂಡ ಇಷ್ಟು ವರ್ಷ ಇದ್ರಿ. ಸಂತೋಷಲೆ ಇದ್ರ್ಯೋ, ಪಿಂಚಣಿ ಸಲುವಾಗಿ ನೌಕರಿ ಮಾಡಿದಂಗ ಇದ್ರ್ಯೋ, ನನಗ ಹ್ಯಾಂಗ ಗೊತ್ತಾಗಬೇಕು? ನನಗ ಹೇಳ್ರಿ ಅಂದ್ರ ಹೇಳಂಗಿಲ್ಲ ನೀವು. ದೇವರಿಗಾದ್ರೂ ಹೇಳ್ರಿ. ನಾ ಬಾಜೂಕ ಕೂತು ಕೇಳ್ತೀನಿ."

ಅವಳು ನಗುತ್ತಲೇ ಹೇಳಿದಳು. ಆದರೆ ಅವಳಿಗೆ ಅದು ನಿಜಕ್ಕೂ ಗೊತ್ತಿಲ್ಲವೆಂದು ನನಗೆ ಆಗ ತಿಳಿಯಿತು. ಗೊತ್ತಿರುತ್ತದೆ ಎಂದೇ ನಾನು ತಿಳಿದಿದ್ದೆ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆಂದು ಯಾರೂ ಯಾರಿಗೂ ಮನೆಯಲ್ಲಿ ಹೇಳುವುದಿಲ್ಲವಲ್ಲ.

"ಮುಂದಿನ ಬೇಸಿಗಿಗೆ ನೋಡೂಣು" ಎಂದೆ.

ಮುಂದಿನ ಬೇಸಿಗೆ ಬಂತು. ಕಾರ್ಯದರ್ಶಿ ಪ್ರಕಟಣೆ ಓದಿದ. ಅದರ ಮುಂದಿನದೂ ಬಂತು.

ಈ ನಡುವೆ ನಮ್ಮ ಮನೆಯಲ್ಲಿ ಸ್ತೋತ್ರಗಳು ಕಡಿಮೆಯಾಗತೊಡಗಿದವು. ಕಲ್ಲಂಗಡಿಯವನು ಕೂಗಿಕೊಂಡು ಹೋಗುತ್ತಿದ್ದ, ಅವಳು ಸುಮ್ಮನಿರುತ್ತಿದ್ದಳು. ಬಚ್ಚಲ ಮೇಲಿನ ತಗಡಿಗೆ ಮೊದಲ ಹನಿ ಪಟಪಟ ಬಿದ್ದರೂ ಸುಮ್ಮನಿರುತ್ತಿದ್ದಳು. ವಯಸ್ಸಾದಂತೆ ಮನುಷ್ಯರಿಗೆ ಭಕ್ತಿಯಲ್ಲಿ ಒಂದು ಗಾಂಭೀರ್ಯ ಬರುತ್ತದೆ, ಇಷ್ಟು ವರ್ಷದ ನನ್ನ ಸಹವಾಸ ಕೊನೆಗೂ ಫಲ ಕೊಟ್ಟಿತು ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಒಂದು ದಿನ ಅವಳ ಬೆನ್ನ ಹಿಂದೆ ಹಿತ್ತಾಳೆಯ ಕೊಡ ಮೆಟ್ಟಿಲಿನಿಂದ ಉರುಳಿ ಅಂಗಳದ ತನಕ ಹೋಯಿತು. ಇಡೀ ಓಣಿ ಹೊರಗೆ ಬಂತು. ಅವಳು ತಿರುಗಲಿಲ್ಲ.

ಡಾಕ್ಟರು ನರ ಒಣಗಿದೆ ಎಂದರು. ಕಿವಿಗೆ ಮಿಷನ್ ಕೊಟ್ಟರು. ಕೆಲವು ದಿನ ಹಾಕಿಕೊಂಡಳು, ತೆಗೆದು ಡಬ್ಬಿಯಲ್ಲಿಟ್ಟಳು.

"ಇದರಾಗ ಗಂಜ್ ಬಜಾರ ಪೂರಾ ಕೇಳಸ್ತದ. ಆಟೋ ಕೇಳಸ್ತದ, ಗಿರಣಿ ಕೇಳಸ್ತದ. ನೀವು ಮಾತ್ರ ಕೇಳಸಂಗಿಲ್ಲ" ಎಂದಳು. "ಅದಕ್ಕ ನಾ ಏನ ಮಾಡ್ಲಿ? ನಿಮ್ಮ ದನಿ ಮೊದಲಽ ಸಣ್ಣದು."

ಮಕ್ಕಳು ಇನ್ನೂ ದೊಡ್ಡ ಊರಿನ ಡಾಕ್ಟರಿಗೆ ತೋರಿಸಿದರು. ಅಲ್ಲಿ ಇನ್ನೂ ಸಣ್ಣ ಮಿಷನ್ ಕೊಟ್ಟರು. ಅದೂ ಡಬ್ಬಿ ಸೇರಿತು. ಬೆಳಕಿದ್ದರೆ, ಎದುರಿಗೆ ಕೂತರೆ, ತುಟಿ ನೋಡಿ ಸಣ್ಣ ಮಾತು ಹಿಡಿಯುತ್ತಾಳೆ. ಊಟ, ನೀರು, ಕರೆಂಟ್, ಗುಳಿಗೆ. ನಮ್ಮ ಮನೆಗೆ ಬೇಕಾದ ಮಾತು ಬಹುಮಟ್ಟಿಗೆ ಇವೇ ಆದ್ದರಿಂದ ಸಂಸಾರಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ಉದ್ದ ಮಾತಿಗೆ ತಲೆಯಾಡಿಸಿ ನಗುತ್ತಾಳೆ. ಅರ್ಥವಾಗಿಲ್ಲ ಎಂದು ಹೇಳಿ ಎದುರಿನವರನ್ನು ನೋಯಿಸುವ ಸ್ವಭಾವ ಅವಳದಲ್ಲ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ. ಕರೆಂಟ್ ಹೋಗಿ ಬಹಳ ಹೊತ್ತಾಗಿತ್ತು. ಅವಳು ಬಾಗಿಲ ಬೆಳಕಿಗೆ ಕೂತು, ಕೂಲರಿಗೆ ಬೆನ್ನು ಮಾಡಿ, ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಮಂಚದ ಮೇಲೆ ಬೀಸಣಿಗೆ ಹಿಡಿದು ಮನುಷ್ಯಜನ್ಮದ ನಿರರ್ಥಕತೆಯನ್ನು ಧ್ಯಾನಿಸುತ್ತಿದ್ದೆ. ಕರೆಂಟ್ ಬಂತು. ಕೂಲರಿನ ಪಂಪು ಗೊಳಗೊಳ ಎಂದಿತು, ನೀರು ಇಳಿಯಿತು, ಒದ್ದೆ ಲಾವಂಚದ ವಾಸನೆ ಕೋಣೆಗೆ ಬಂತು. ಇಷ್ಟಾದ ಮೇಲೆ ಆ ಮನೆಯಲ್ಲಿ ಒಂದು ಮಾತು ಕೇಳಬೇಕು. ಮದುವೆಯಾದಾಗಿನಿಂದ ಕೇಳುತ್ತ ಬಂದದ್ದು. ಅದು ಕೇಳಲಿಲ್ಲ. ಅದರ ಜಾಗ ಬರಿದಾಗಿ ನಿಂತಿತು. ತಿನ್ನುವ ಬಾಯಲ್ಲಿ ಹಲ್ಲು ಬಿದ್ದ ಹಾಗೆ.

"ಸ್ತೋತ್ರ" ಎಂದೆ, ನಾನು.

ಅವಳು ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ತಂಪುಗಾಳಿ ಅವಳ ಕುತ್ತಿಗೆ ಮುಟ್ಟಿರಬೇಕು, ಹೆಗಲು ಸಡಿಲವಾಯಿತು. "ಸ್ತೋತ್ರ" ಎಂದಳು, ಹುಣಸೆಹಣ್ಣಿಗೆ. ನಮ್ಮ ಸಂಸಾರದಲ್ಲಿ ಮೊದಲ ಸಲ ನಾನು ಅವಳಿಗಿಂತ ಮುಂಚೆ ಹೇಳಿದ್ದೆ. ಅದು ಅವಳಿಗೆ ಗೊತ್ತಿಲ್ಲ.

ಮುಂದಿನ ಕೂಟ ನಮ್ಮ ಮನೆಯಲ್ಲಿತ್ತು. ಆ ವಾರ ಪೂರ್ತಿ ನನ್ನೊಳಗೆ ಮಾತು ಜೋಡಿಸಿದೆ. ಇಷ್ಟು ವರ್ಷ ನಾನೇ ಕಾಯ್ದ ಕಟ್ಟಳೆ, ಕಾಗದ ಮುಟ್ಟಲಿಲ್ಲ. ಕೂಟದ ದಿನ ನಾನೇ ಮಾಳಿಗೆಗೆ ನೀರು ಹೊಡೆದೆ. ಅವಳು ಶರಬತ್ತಿಗೆ ನಿಂಬೆ ಹಿಂಡುತ್ತ, ಈ ಮನುಷ್ಯನಿಗೆ ಏನಾಯಿತು ಎಂಬಂತೆ ನೋಡಿದಳು. ಹಿಂದಿನ ದಿನ ಒಂದು ಅಡ್ಡಮಳೆ ಬಿದ್ದಿತ್ತು. ಗೀತೆಯ ನಡುವೆಯೇ ಹುಳಗಳು ಬಂದವು. ಪ್ರಾರ್ಥನೆ ಮುಗಿಯುತ್ತಲೇ ಸ್ವಿಚ್ಚಿನ ಬಳಿ ಕೂತ ಬಾವಿಯ ಹಿರಿಯರು ನನ್ನ ಕಡೆ ನೋಡಿದರು. ಯಜಮಾನ ಒಪ್ಪಿದ ಮೇಲೆಯೇ ದೀಪ ಆರಿಸುವುದು ಪದ್ಧತಿ. ನಾನು ಒಪ್ಪಿದೆ. ನಿಜ ಹೇಳಬೇಕೆಂದರೆ ಕತ್ತಲಾದದ್ದು ನನಗೆ ಸಮಾಧಾನವಾಯಿತು. ಬೆಳಕಿನಲ್ಲಿ ನನ್ನಿಂದ ಆಗುತ್ತಿರಲಿಲ್ಲ.

ಎದ್ದೆ. ಮೆಟ್ಟಿಲ ಬಳಿ ಹೋಗದೆ, ಜನರ ನಡುವೆಯೇ, ಕೂತಿದ್ದ ಜಾಗದಲ್ಲೇ ನಿಂತೆ. ಹೇಳಿದೆ. ಮಾನ್ವಿ ಬಸ್‌ಸ್ಟ್ಯಾಂಡಿನ ಮಜ್ಜಿಗೆ ಹೇಳಿದೆ. ಬೇವಿನ ಮರ, ಕಲ್ಲಂಗಡಿ, ಡ್ರೈವರ್ ಸಾಹೇಬರ ಆಮೀನ್ ಹೇಳಿದೆ. ಬೀಜ ಬಹಳ ಎಂದು ಸುಳ್ಳು ಹೇಳಿದ್ದು ಹೇಳಿದೆ. ನೀರು ಹೊಡೆದ ಮಾಳಿಗೆಯ ವಾಸನೆಗೆ ಬದುಕಿಡೀ ನಾನು ಸ್ತೋತ್ರ ಹೇಳಬೇಕಿತ್ತು, ನನ್ನ ಪಾಲಿನದನ್ನೂ ಅವಳೇ ಹೇಳುತ್ತ ಬಂದಳು ಎಂದೆ. ದೇವರು ನನ್ನನ್ನು ಯಾವ ಬಾವಿಯಿಂದಲೂ ಎತ್ತಲಿಲ್ಲ, ದಿನಾ ಊಟಕ್ಕೆ ಕರೆದ, ನಾನು ಕೈ ತೊಳೆಯುತ್ತಲೇ ನಿಂತುಬಿಟ್ಟೆ ಎಂದೆ. ಸಂತೋಷದಿಂದ ಇದ್ದೆ, ಒಂದು ದಿನವೂ ಬೇರೆ ರೀತಿ ಇರಲಿಲ್ಲ ಎಂದೆ. ಪಾಠ ಹೇಳುವ ದನಿಯಲ್ಲಿ ಶುರು ಮಾಡಿದ್ದೆ. ಮುಗಿಸಿದ್ದು ಯಾವ ದನಿಯಲ್ಲಿ ಎಂದು ನನಗೆ ಗೊತ್ತಾಗಲಿಲ್ಲ.

ಯಾರೂ ಆಮೆನ್ ಎನ್ನಲಿಲ್ಲ. ಹಾವು ಇನ್ನೂ ಬರಬೇಕಿದೆ ಎಂದು ಕಾಯುತ್ತಿದ್ದರು. ಕೊನೆಗೆ ದೊಡ್ಡವ್ವನ ಮೂಗು ಸೀಟಿದ ಸದ್ದು, ಅದರ ಹಿಂದೆ ಅವಳದೇ ಆಮೆನ್ ಬಂತು. ದೀಪ ಹತ್ತಿತು.

ನನ್ನ ಹೆಂಡತಿ ಜಮಖಾನದ ಅಂಚಿನಲ್ಲಿ, ಎಂದಿನ ಜಾಗದಲ್ಲಿ ಕೂತಿದ್ದಳು. ಅವಳ ಮುಖ ಮೆಟ್ಟಿಲ ಕಡೆಗಿತ್ತು. ಪ್ರತಿ ವರ್ಷ ನಾನು ಕಾಗದ ಹಿಡಿದು ನಿಲ್ಲುವ ಜಾಗದ ಕಡೆಗೆ. ಕತ್ತಲಿನಲ್ಲಿ ಅಷ್ಟು ಹೊತ್ತೂ ಅಲ್ಲಿಯೇ ನೋಡುತ್ತಿದ್ದಳು. ಈಗ ಆಚೀಚೆ ನೋಡಿ, ಜನರ ನಡುವೆ ನಿಂತ ನನ್ನನ್ನು ಹುಡುಕಿ, ಕಿವಿ ಕೇಳದವರು ಮಾತಾಡುವಷ್ಟು ಗಟ್ಟಿಯಾಗಿ, ನಗುತ್ತ ಹೇಳಿದಳು:

"ಪ್ರಕಟಣಿ ಚಂದಿತ್ರಿ."

ಹುಳಗಳು ಟ್ಯೂಬ್‌ಲೈಟಿಗೆ ಬಡಿಯುತ್ತಿದ್ದವು. ದೊಡ್ಡವ್ವ ಅವಳ ಕಿವಿಗೆ ಬಾಯಿಟ್ಟು, "ಯವ್ವಾ, ಅದು ಪ್ರಕಟಣಿ ಅಲ್ಲಬೇ. ನಿನ್ನ ಗಂಡ ಸಾಕ್ಷಿ ಹೇಳ್ಯಾನ. ನಿಂದೇ ಹೇಳ್ಯಾನ" ಎಂದಳು. ಅವಳು ಹೌದೌದು ಎಂದು ತಲೆಯಾಡಿಸಿದಳು. "ಲೋಟ ಎಲ್ಲಾರೂ ತರ್ರಿ, ಮರೀಬ್ಯಾಡ್ರಿ" ಎಂದಳು. ಬಾವಿಯ ಹಿರಿಯರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆ ಸಂಜೆ ಅವರು ಬಾವಿಗೆ ಬೀಳಲಿಲ್ಲ.

ಬರೆದು ತೋರಿಸಬಹುದಿತ್ತಲ್ಲ ಎಂದು ನೀವು ಕೇಳುವಿರಿ. ಬರೆದೆ. ಮರುದಿನ ಬೆಳಿಗ್ಗೆ ಚಹಾ ಕುಡಿದ ಮೇಲೆ, ಒಂದು ಮದುವೆ ಕಾರ್ಡಿನ ಹಿಂಬದಿಗೆ ಎಲ್ಲವನ್ನೂ ದುಂಡಗೆ ಬರೆದು ಕೊಟ್ಟೆ. ಕಾಗದ ನೋಡಿದ ಕೂಡಲೇ, "ಮುಂದಿನ ವಾರ ಯಾರ ಮನ್ಯಾಗ?" ಎಂದಳು. ಕನ್ನಡಕ ಹಾಕಿಕೊಂಡಳು. ಓದಿದಳು. ಕಲ್ಲಂಗಡಿಯ ಹತ್ತಿರ ನಕ್ಕಳು. ಕೊನೆಯ ಸಾಲನ್ನು ಎರಡನೇ ಸಲ ಓದಿದಂತೆ ಕಂಡಿತು, ಏಕೆಂದರೆ ಕಣ್ಣು ಅಲ್ಲಿಗೇ ಮರಳಿ ಬಂದು ನಿಂತಿತ್ತು. ಕಾರ್ಡು ಮಡಿಸಿ ಕನ್ನಡಕದ ಡಬ್ಬಿಯಲ್ಲಿಟ್ಟಳು.

"ನಿನ್ನೆ ಇದನ್ನ ಹೇಳಿದ್ರೇನು?"

ಹೌದೆಂದು ತಲೆಯಾಡಿಸಿದೆ.

"ಎಲ್ಲಾರ ಮುಂದ?"

ಹೌದೆಂದೆ.

"ಕಾಗದದಾಗಿಂದು ಸಾಕ್ಷಿ ಅಲ್ಲಂತ ನೀವೇ ಎಲ್ಲಾರಿಗೂ ಹೇಳ್ತಿದ್ರಿ" ಎಂದಳು. ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು, ನನ್ನ ಬಾಯಿ ನೋಡಿದಳು. "ಹೇಳ್ರಿ."

ಹೇಳಿದೆ. ಉದ್ದದ್ದು ಬಿಟ್ಟು, ಕೊನೆಯದೊಂದೇ ಹೇಳಿದೆ. ಬಾಗಿಲಿನಿಂದ ಬೇಕಾದಷ್ಟು ಬೆಳಕಿತ್ತು. ಅವಳು ಹುಬ್ಬು ಗಂಟಿಕ್ಕಿ ನೋಡಿದಳು. ಇನ್ನೊಮ್ಮೆ ಎಂದಳು. ಇನ್ನೊಮ್ಮೆ ಹೇಳಿದೆ.

"ತುಟಿ ನಡಗಾಕತ್ತಾವ ನಿಮ್ಮವು" ಎಂದಳು. "ಹಿಡಿಯಾಕ ಆಗವಲ್ದು. ಇರಲಿ ಬಿಡ್ರಿ. ಓದೀನಲ್ಲ." ನನ್ನ ಮೊಣಕಾಲ ಮೇಲೆ ಒಮ್ಮೆ ಕೈಯಿಟ್ಟು ಎದ್ದು, ಗಡಿಗೆಗೆ ನೀರು ತುಂಬಲು ಹೋದಳು. ಹೋಗುತ್ತ, ನನಗೆ ಬೆನ್ನು ಮಾಡಿಕೊಂಡೇ, "ಕೇಳಬೇಕಂತ ಇತ್ತು" ಎಂದಳು.

ಈ ಬೇಸಿಗೆಯಿಂದ ನಮ್ಮ ಮನೆಯ ಕೂಟದಲ್ಲಿ ಸಾಕ್ಷಿಯ ಹೊತ್ತಿಗೆ ದೀಪ ಆರಿಸುವುದಿಲ್ಲ. ಹುಳ ಬರುತ್ತವೆ. ಅವಳಿಗೆ ಕೇಳುವುದಿಲ್ಲ.